ನೆನಪಿದ್ದವರ ಊಟ

೧೫ ನವೆಂಬರ್, ಸೋಮವಾರ
(ಅಂಗಡಿಗೆ ರಜೆ)

ತಂಗಿ ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

ಆಶೀರ್ವಾದ ಅಂತ ಬರೆದದ್ದು ರೂಢಿಯಿಂದ. ಕಾಗದ ಹೀಗೇ ಶುರುವಾಗಬೇಕು ಅಂತ ಅಮ್ಮ ಕಲಿಸಿದ್ದು ಕೈಗೆ ಅಂಟಿಕೊಂಡಿದೆ, ಅಷ್ಟೆ. ಮೂರು ವರ್ಷದಿಂದ ಎರಡೇ ಬೀದಿ ಆಚೆ ಇದ್ದೀಯ. ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆ ಬದಿಯಲ್ಲಿ ಹೋಗುತ್ತೀಯ. ಈಗ ನಾಲ್ಕು ಹಾಳೆ ತುಂಬ ಅಕ್ಕ, ಅಕ್ಕ ಅಂತ ಬರೆದಿದ್ದೀಯ. ಕೆಲಸ ಬಿದ್ದಿದೆ ನೋಡು. ಇರಲಿ, ನೀನು ಕೇಳಿದ ಎರಡಕ್ಕೂ ಉತ್ತರ ಕೊಡುತ್ತೇನೆ.

ನಿನ್ನ ಗಂಡನಿಗೆ ಚರ್ಚಿನಲ್ಲಿ ಭಾನುವಾರದ ಪ್ರಭುಭೋಜನದ ರೊಟ್ಟಿ ತಪ್ಪಿದ್ದರಲ್ಲಿ ನನ್ನ ಕೈವಾಡ ಇದೆಯೇ ಎಂದು ಕೇಳಿದ್ದೀಯ. ಇದೆ. ಧಾರಾಳವಾಗಿ ಇದೆ. ನಿಮ್ಮ ಸಭೆಯ ಹಿರಿಯರಾದ ಆ ಮೇಷ್ಟ್ರು ರಸ್ಕಿಗೆ ನನ್ನ ಬೇಕರಿಗೇ ಬರುತ್ತಾರೆ. ಸಭೆ ಬೇರೆಯಾದರೂ ಅವರ ಹಲ್ಲಿಗೆ ನನ್ನ ರಸ್ಕೇ ಆಗಬೇಕು. ಪೊಟ್ಟಣ ಕಟ್ಟುತ್ತಾ ಕೇಳಿದೆ: ಏನ್ ಮೇಷ್ಟ್ರೇ, ನಿಮ್ಮ ಸಭಾಪಾಲಕರಿಗೆ ಕಟ್ಟಿಕೊಂಡ ಹೆಂಡತಿ ಹೆಸರೂ ಈಗ ನೆನಪಿಲ್ವಂತೆ, ಆದ್ರೂ ರೊಟ್ಟಿ ತಟ್ಟೆ ಅವರ ಮುಂದೆ ನಿಲ್ಲುತ್ತಂತಲ್ಲ, ನಮ್ಮಮ್ಮನಿಗೆ ಹಾಕಿದ ನಿಯಮ ಅಳಿಯನಿಗೆ ಇಲ್ವಾ ಅಂತ. ಅವರ ಕಿವಿ ಕೆಂಪಗಾಯಿತು. ರಸ್ಕು ಅಲ್ಲೇ ಬಿಟ್ಟು ಹೊರಟರು, ಕೂಗಿ ಕರೆದು ಕೊಟ್ಟೆ. ಮುಂದಿನ ಭಾನುವಾರ ತಟ್ಟೆ ನಿನ್ನ ಗಂಡನನ್ನು ಬಿಟ್ಟು ಮುಂದೆ ಹೋಯಿತು ಎಂಬ ಸುದ್ದಿ ಬಂತು. ನನ್ನ ಹೊಟ್ಟೆ ತಣ್ಣಗಾಯಿತು, ಗುಬ್ಬಿ. ಆ ದಿನ ಕೆಲಸದ ಹುಡುಗಿಯರಿಗೆಲ್ಲ ಕೇಕು ಕೊಟ್ಟೆ.

ಅವನು, ಇವನು ಅಂತ ಏಕವಚನದಲ್ಲಿ ಬರೆಯುತ್ತೇನೆ, ಬೇಜಾರಾದರೆ ಆಗಲಿ. ನಿನ್ನನ್ನು ಅವನಿಗೆ ಕೊಟ್ಟ ದಿನದಿಂದ ನನಗಿಂತ ಚಿಕ್ಕವನಾದರೂ ಬಾಯಿ ತುಂಬ 'ಪಾಲಕರೇ' ಎಂದವಳು ನಾನು. ಭಾನುವಾರ ಬೆಳಗ್ಗೆ ಪ್ರಭುಭೋಜನದ ಮೇಜಿಗೆ ರೊಟ್ಟಿ ಒಯ್ಯಲು ಅವನೇ ಬೇಕರಿಗೆ ಬರುತ್ತಿದ್ದ. ಬಿಳಿ ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಕೊಡುತ್ತಿದ್ದೆ. ನಮ್ಮ ಸಭೆಯಲ್ಲಿ ಮೇಜಿನ ಮೇಲೆ ಉಳಿದ ರೊಟ್ಟಿಯನ್ನು ಪಾಲಕರು ಅಲ್ಲೇ ನಿಂತು, ಚೂರೂ ಬಿಡದೆ ತಿಂದು ಮುಗಿಸುವುದು ಕ್ರಮವಾಗಿತ್ತು. ಪ್ರಾರ್ಥನೆ ಆದ ಮೇಲೆ ಅದು ಪ್ರಭುವಿನ ಶರೀರ, ನೆಲಕ್ಕೆ ಬೀಳಬಾರದು. ಅವನೂ ಎಷ್ಟೋ ವರ್ಷ ಹಾಗೇ ತಿಂದವನು. ಆಮೇಲೆ ಯಾವುದೋ ತರಬೇತಿಗೆ ಹೋಗಿ ಬಂದ. ಬಂದವನು ಉಳಿದ ರೊಟ್ಟಿಯನ್ನು ಹಿತ್ತಲಲ್ಲಿ ನಿನ್ನ ಕೋಳಿಗಳಿಗೆ ಹಾಕಿದ. ರೊಟ್ಟಿ ರೊಟ್ಟಿಯೇ, ಇದು ಬರೀ ನೆನಪಿನ ಊಟ, ನೆನೆಯುವವರ ಮನಸ್ಸಿನಲ್ಲಿ ಇರುವುದೇ ಎಲ್ಲಾ ಅಂದ.

ಜಗಳ ಶುರುವಾದದ್ದು ಆ ಕೋಳಿಗಳಿಂದ. ಒಂದೇ ಕೊನೆಯ ಊಟದಲ್ಲಿ ಒಬ್ಬನೇ ಯೇಸು ಆಡಿದ ಮಾತು. ಶರೀರ ಅಂತಲೂ ಅಂದಿದ್ದಾನೆ, ನೆನಪು ಅಂತಲೂ ಅಂದಿದ್ದಾನೆ. ನಾವು ಒಂದನ್ನು ಹಿಡಿದುಕೊಂಡೆವು, ನೀವು ಇನ್ನೊಂದನ್ನು. ಸಂಸ್ಕಾರ ಎಂದರೇನು ಅಂತ ಕೂತು ಮಾತಾಡೋಣ ಎಂದು ಸೇರಿದ ಸಭೆಯಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಕುರ್ಚಿ ಎತ್ತಿದರು. ಆದರೂ ನಾನು ರೊಟ್ಟಿ ಸುಡುವುದನ್ನು ನಿಲ್ಲಿಸಲಿಲ್ಲ. ದೊಡ್ಡವರು ಏನಾದರೂ ಹೇಳಿಕೊಳ್ಳಲಿ, ಅಮ್ಮನಿಗೆ ಸಿಕ್ಕರೆ ಸಾಕು ಅಂದುಕೊಂಡಿದ್ದೆ.

ಅಮ್ಮನಿಗೆ ಆಗಲೇ ಮರೆವು ಹತ್ತಿತ್ತು. ನನ್ನನ್ನು ದಾದಿ ಅನ್ನುತ್ತಿದ್ದಳು, ನಿನ್ನನ್ನು ಪಕ್ಕದ ಮನೆಯವಳು ಅನ್ನುತ್ತಿದ್ದಳು. ಆದರೆ ಭಾನುವಾರ ಬೆಂಚಿನಲ್ಲಿ ಕೂತ ಕೂಡಲೇ ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡುತ್ತಿದ್ದಳು. ಮೂರು ವರ್ಷದ ಹಿಂದಿನ ಆ ಭಾನುವಾರ ನೀನು ಅವಳ ಪಕ್ಕದಲ್ಲಿದ್ದೆ. ನಾನು ಬೇಕರಿಯಿಂದ ನೇರ ಬಂದವಳು, ಸೀರೆಯೆಲ್ಲ ಹಿಟ್ಟಾಗಿತ್ತು ಅಂತ ಬಾಗಿಲ ಹತ್ತಿರ ನಿಂತಿದ್ದೆ. ಅವನು ಮೇಜಿನ ಹತ್ತಿರದಿಂದ ನಿನಗೆ ತಲೆ ಅಲ್ಲಾಡಿಸಿ ಸನ್ನೆ ಮಾಡಿದ. ನೀನು ತಟ್ಟೆಯನ್ನು ಅಮ್ಮನ ಬೊಗಸೆಯ ಮೇಲಿಂದ ಎತ್ತಿ ಆಚೆಯವರಿಗೆ ದಾಟಿಸಿದೆ. ಅಮ್ಮನಿಗೆ ತಿಳಿಯಲಿಲ್ಲ. ಕೊನೆಯ ಹಾಡು ಮುಗಿಯುವ ತನಕ ಬೊಗಸೆ ಹಿಡಿದೇ ಕೂತಿದ್ದಳು. ಜನ ಎದ್ದು ಹೋಗುವಾಗ, ಇನ್ನೂ ಬರ್ಲಿಲ್ವಾ ಅಂತ ಕೇಳಿದಳು. ಆ ಮಾತು ನಿನಗೂ ಕೇಳಿಸಿತ್ತು.

ಆ ದಿನವೇ ಅರ್ಧ ಸಭೆ ನನ್ನ ಹಿಂದೆ ಎದ್ದು ಬಂತು. ಕಲ್ಲಿನ ಕಟ್ಟಡ, ಗಂಟೆ, ಹಾರ್ಮೋನಿಯಂ ನಿಮಗೆ ಉಳಿಯಿತು. ನಾವು ನನ್ನ ಹಿಟ್ಟಿನ ಗೋದಾಮಿನಲ್ಲಿ ಮೂಟೆಗಳ ಮೇಲೆ ಕೂತು ಹಾಡಿದೆವು. ನೀವು ನಗುತ್ತಾ ಗೋದಾಮು ಸಭೆ ಅಂದಿರಿ. ನಗುವಿಗೆ ನಾನು ಅಂಜಲಿಲ್ಲ. ನಮಗೆ ಇಲ್ಲದೆ ಹೋದದ್ದು ಪಾಲಕರು. ದೀಕ್ಷೆ ಪಡೆದವರು ಪ್ರಾರ್ಥಿಸದೆ ರೊಟ್ಟಿ ಶರೀರವಾಗುವುದಿಲ್ಲ ಎಂಬುದು ನಮ್ಮ ನಂಬಿಕೆ. ಆಗ ಊರಿಗೆ ದೀಕ್ಷೆ ಪಡೆದವನು ಅವನೊಬ್ಬನೇ. ಅಮ್ಮ ಹಾಸಿಗೆ ಹಿಡಿದಾಗ ಸ್ವಾಭಿಮಾನ ಬದಿಗಿಟ್ಟು ನಿಮ್ಮ ಮನೆ ಬಾಗಿಲಿಗೆ ಬಂದೆ. ಒಂದು ತುಣುಕು ಪ್ರಾರ್ಥಿಸಿ ಕೊಡಿ ಪಾಲಕರೇ, ಮುದುಕಿ ನೆಮ್ಮದಿಯಾಗಿ ಹೋಗಲಿ ಎಂದೆ. ನೆನಪಿನ ಊಟ ಕಣಮ್ಮಾ, ನೆನಪಿಲ್ಲದವರಿಗೆ ಕೊಟ್ಟರೆ ಅದು ಸುಳ್ಳಾಗುತ್ತೆ, ಅತ್ತೆ ಹಸಿದಿದ್ದರೆ ಅನ್ನ ಕೊಡಿ ಅಂದ. ದನಿ ಎತ್ತರಿಸಲೂ ಇಲ್ಲ, ಮಗುವಿಗೆ ಪಾಠ ಹೇಳುವ ಹಾಗೆ ಹೇಳಿದ. ನೀನು ಅವನ ಹಿಂದೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ರೊಟ್ಟಿ ತುಂಬಿದ ಮನೆಯಲ್ಲಿ ಅಮ್ಮ ಬೊಗಸೆ ಹಿಡಿದುಕೊಂಡೇ ಸತ್ತಳು. ಬೆರಳು ಬಿಡಿಸಿ ಕೈ ಕಟ್ಟಿದವಳು ನಾನು. ಈಗ ಅವನೂ ಪ್ರತಿ ಭಾನುವಾರ ಕೈ ಚಾಚುತ್ತಾನೆ, ತಟ್ಟೆ ಮುಂದೆ ಹೋದಾಗ ಮಕ್ಕಳ ಹಾಗೆ ಅಳುತ್ತಾನೆ, ನೋಡಲಾಗುವುದಿಲ್ಲ ಅಂತ ಬರೆದಿದ್ದೀಯ. ನೋಡು. ನಾನು ನೋಡಿದ್ದೇನೆ, ಕಣ್ಣೇನೂ ಹೋಗುವುದಿಲ್ಲ. ಅವನು ತಯಾರು ಮಾಡಿದ ಕಿರಿಯ ಪಾಲಕ ಅವನ ಪಾಠವನ್ನು ಚೆನ್ನಾಗಿಯೇ ಕಲಿತಿದ್ದಾನೆ. ಶಿಷ್ಯನನ್ನು ಬಯ್ಯಬೇಡ.

ಕ್ರಿಸ್ತನ ಮಕ್ಕಳಾದ ಮೇಲೆ ಕ್ಷಮಿಸಬೇಕು ಎಂದೂ ಬರೆದಿದ್ದೀಯ. ಕ್ಷಮೆಗೂ ನಿಮ್ಮ ಮನೆಯಲ್ಲಿ ಒಂದು ಅರ್ಥ, ನಮ್ಮ ಮನೆಯಲ್ಲಿ ಒಂದು. ನಿಮ್ಮಲ್ಲಿ ಕ್ಷಮೆ ಎಂದರೆ ಪೆಟ್ಟು ತಿಂದವರು ಬಾಯಿ ಮುಚ್ಚಿಕೊಂಡಿರುವುದು. ನಮ್ಮಲ್ಲಿ ಹೊಡೆದವರು ಮೊದಲು ಹೊಸ್ತಿಲಿಗೆ ಬಂದು ತಪ್ಪಾಯಿತು ಅನ್ನಬೇಕು. ನಿನ್ನ ನಾಲ್ಕು ಹಾಳೆಯಲ್ಲಿ ಆ ಮಾತನ್ನು ಹುಡುಕಿದೆ. ಅವನ ರಕ್ತದೊತ್ತಡ ಇದೆ, ವೈದ್ಯರು ಇನ್ನು ಹೆಚ್ಚು ದಿನ ಇಲ್ಲ ಅಂದದ್ದು ಇದೆ, ನಿನ್ನ ನಿದ್ದೆಗೆಟ್ಟ ಕಣ್ಣಿನ ಉರಿಯೂ ಇದೆ. ಅಮ್ಮ ಎಂಬ ಪದವೇ ಇಲ್ಲ.

ಇನ್ನು ಎರಡನೆಯದು. ಕಾಲಿಗೆ ಹಳೆಯ ದಾರಿ ಗೊತ್ತಿರುವುದರಿಂದ ಅವನು ಬೆಳಗ್ಗೆ ಬೇಕರಿಗೆ ಬಂದು ಕೂರುವುದು ನಿಜ. ನೀನು ಒಳಗೆ ಬಾರದೆ ಗಾಜಿನ ಬಾಗಿಲ ಆಚೆ ನಿಂತು ಕಾಯುವುದನ್ನೂ ದಿನಾ ನೋಡುತ್ತೇನೆ. ಮೊನ್ನೆ ಗುರುವಾರ ಅವನ ತುಟಿ ಅಲುಗಿತು, ಏನೋ ಹೇಳಿದ, ಏನದು ಎಂದು ಕೇಳಿದ್ದೀಯ. ಅವನಿಗೆ ಏನಾದರೂ ಒಂದು ನೆನಪಿದೆ ಅಂತ ಮನೆಯವರಲ್ಲದ ಒಬ್ಬರು ಹೇಳಿದರೆ ಹಿರಿಯರು ಮತ್ತೆ ರೊಟ್ಟಿ ಕೊಡಲು ಒಪ್ಪಿದ್ದಾರಂತೆ. ಅದರಲ್ಲೂ ನಾನು ಹೇಳಿದರೆ ಯಾರೂ ಎರಡು ಮಾತಾಡುವುದಿಲ್ಲವಂತೆ, ಆಗದವಳು ಪರವಾಗಿ ಸುಳ್ಳು ಹೇಳುತ್ತಾಳೆಯೇ ಅಂತ. ಲೆಕ್ಕಾಚಾರ ಚೆನ್ನಾಗಿದೆ. ಆದರೆ ನೀನು ನೋಡಿದ್ದು ಬನ್ನು ಅಗಿಯುವುದನ್ನು. ಅವನು ಬರುತ್ತಾನೆ, ಕೂರುತ್ತಾನೆ, ತಿನ್ನುತ್ತಾನೆ, ಹೋಗುತ್ತಾನೆ. ಒಂದು ಮಾತೂ ಆಡಿಲ್ಲ. ಹಿರಿಯರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಕಾಗದ ಮುಗಿಸುತ್ತೇನೆ, ನಾಳೆಯ ಹಿಟ್ಟು ಕಲಸಬೇಕು. ಚಳಿ ಶುರುವಾಗಿದೆ, ನಿನಗೆ ಎದೆ ಕಟ್ಟುತ್ತದೆ, ಬೆಚ್ಚಗೆ ಹೊದ್ದುಕೋ.

ಇಂತಿ,
ಅಮ್ಮನ ಹಿರಿಯ ಮಗಳು

ಮರೆತ ಮಾತು: ಇಲ್ಲ, ಮರೆತದ್ದಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಗುರುವಾರ ಅವನು ಬನ್ನು ತಿನ್ನಲಿಲ್ಲ. ನಾನು ಮುರಿದು ಕೊಟ್ಟ ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಪಕ್ಕದ ಖಾಲಿ ಸ್ಟೂಲಿನ ಕಡೆ ಚಾಚಿದ. ಮೊದಲು ಅತ್ತೆಗೆ, ಅವತ್ತು ಅವರಿಗೆ ಕೊಡ್ಲಿಲ್ಲ, ತಪ್ಪಾಯ್ತು ಅಂದ. ಸ್ಪಷ್ಟವಾಗಿ ಅಂದ. ನಾನು ಒಳಗೆ ಹೋಗಿ ಒಲೆಯ ಬಾಗಿಲು ಹಿಡಿದು ನಿಂತೆ, ಕೈ ಸುಟ್ಟದ್ದು ಆಮೇಲೆ ತಿಳಿಯಿತು. ಅವನಿಗೆ ನೆನಪಿದೆ, ಗುಬ್ಬಿ. ನಿನ್ನ ಹೆಸರು ಹೋಗಿದೆ, ಅದೊಂದು ಉಳಿದಿದೆ. ಆ ಮಾತಿನ ಮೇಲೆ ಅವನನ್ನು ನಾನು ಕ್ಷಮಿಸಿದರೂ ಕ್ಷಮಿಸಬಹುದು. ಆದರೆ ತಟ್ಟೆ ದಾಟಿಸಿದ ಕೈ ಅವನದಲ್ಲ. ಕೇಳಿಸಿಕೊಂಡವಳು ನಾನೊಬ್ಬಳೇ. ಹಿರಿಯರು ಕರೆಸಿ ಕೇಳಿದರೆ, ಏನೂ ಹೇಳಲಿಲ್ಲ ಅಂತ ಬೈಬಲ್ ಮುಟ್ಟಿ ಹೇಳುತ್ತೇನೆ. ಭಾನುವಾರ ಅವನ ಪಕ್ಕದಲ್ಲಿ ಕೂತು, ಎಲ್ಲಾ ತಿಳಿದೂ, ತಟ್ಟೆ ಮುಂದೆ ಹೋಗುವುದನ್ನು ನೋಡು.