ಕೂಗಲು ಬಾರದ ಲ್ಯಾಪ್‌ಟಾಪ್

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ತಪ್ಪಿರಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಎಂದು ಹೊಟ್ಟೆಗೆ ಹಾಕಿಕೋ. ಫೋನಿನಲ್ಲಿ ಹೇಳೋಣವೆಂದರೆ ನನಗೆ ಬಾಯಿ ಬರುವುದಿಲ್ಲ, ಮೇಲಾಗಿ ಅಮ್ಮನ ಕಿವಿ ಪಕ್ಕದಲ್ಲೇ ಇರುತ್ತದೆ. ನಿನ್ನ ಸೊಂಟನೋವು ಹೇಗಿದೆ? ಹೊತ್ತು ಹೊತ್ತಿಗೆ ಉಣ್ಣುತ್ತೀಯಾ? ಅಪ್ಪನ ಗಂಟಲಿನ ಆಪರೇಷನ್ ಗಾಯ ಮಾಗಿದೆ. ಉಸಿರಾಡಲು ಕತ್ತಿನಲ್ಲಿ ಮಾಡಿದ ತೂತನ್ನು ಈಗ ಅವರೇ ಕನ್ನಡಿ ಹಿಡಿದು ಒರೆಸಿಕೊಳ್ಳುತ್ತಾರೆ.

ದನಿ ಹೋದ ಅಪ್ಪನ ಮಾತಿಗೆಂದು ನೀನು ಕಳಿಸಿದ ಲ್ಯಾಪ್‌ಟಾಪ್‌ನ ವಿಷಯಕ್ಕೆ ಬರುತ್ತೇನೆ. "ಯಾವ ಭಾಗ ಕೆಟ್ಟರೂ ನೀನೇ ಬಿಚ್ಚಿ ಹೊಸದು ಹಾಕಬಹುದು ಕಣೇ, ಹೊಲಿಗೆ ಮಿಷನ್ ಬಿಚ್ಚೋಳಿಗೆ ಇದೇನು ಮಹಾ" ಎಂದಿದ್ದೆಯಲ್ಲ, ಅದು ನಿಜ. ಅದರ ಮೇಲೆ ಚಹಾ ಚೆಲ್ಲಿದಾಗ ಅಕ್ಷರ ಒತ್ತುವ ಮಣೆಯನ್ನಷ್ಟೇ ಬದಲಾಯಿಸಿದೆ. ಬಿಚ್ಚಿದ ತಿರುಪುಗಳನ್ನೆಲ್ಲ ಅಪ್ಪ ಅಂಗೈಯಲ್ಲಿ ಹಿಡಿದು ಒಂದೊಂದಾಗಿ ಕೊಟ್ಟರು, ಚಿಲ್ಲರೆ ಕೊಡುವ ಹಾಗೆ. ಆದರೆ ಅಣ್ಣಾ, ಅದರ ಮುಚ್ಚಳದ ಕೀಲು ಸಡಿಲ. ಒರಗಿ ಕೂತು ಬರೆಯುವಾಗ ಪರದೆ ತೂಕಡಿಸುವವರ ತಲೆಯಂತೆ ಹಿಂದಕ್ಕೆ ವಾಲುತ್ತದೆ, ಅಪ್ಪ ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಒತ್ತಬೇಕು. ಒಳಗಿನ ಫ್ಯಾನಿನ ಸದ್ದೇ ಜೋರು. ಬರೆದದ್ದನ್ನು ಓದಿ ಹೇಳುವ ದನಿ ಬಾಗಿಲು ದಾಟುವುದಿಲ್ಲ. ಬಸ್ಸಿನ ಈ ತುದಿಯಿಂದ ಆ ತುದಿಗೆ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗುತ್ತಿದ್ದ ಕಂಡಕ್ಟರ್ ಅಪ್ಪನಿಗೆ ಈಗ ಸೊಳ್ಳೆಯ ದನಿ.

ಹೋದ ವಾರ ಕಫ ಕಟ್ಟಿ ಅಪ್ಪನಿಗೆ ಉಸಿರು ಸಿಕ್ಕಿಕೊಂಡಿತು. ಅಮ್ಮ ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದಳು, ಕೇಳಿಸಲೇ ಇಲ್ಲ. ಹೊಲಿದ ಬಟ್ಟೆ ಕೊಟ್ಟು ನಾನು ಬರುವಾಗ ಅಪ್ಪನ ತುಟಿ ನೀಲಿಯಾಗಿತ್ತು. ಲ್ಯಾಪ್‌ಟಾಪ್ ಮಾತ್ರ ಅವಸರವೇ ಇಲ್ಲದೆ "ಬೇಗ ಬಾ, ಬೇಗ ಬಾ" ಎನ್ನುತ್ತಿತ್ತು. ಕಫ ತೆಗೆದ ಮೇಲೆ ಉಸಿರು ಬಂತು. ಅಂದಿನಿಂದ ಅಮ್ಮನದು ಒಂದೇ ಮಾತು: "ಬಿಚ್ಚೋಕೆ ಬಂದ್ರೆ ಸಾಕೇನೇ? ಕೂಗೋಕೆ ಬರಬೇಕು!" ಪೆಟ್ಟಿಗೆಯಿಂದ ಅಪ್ಪನ ಹಳೆಯ ಕಂಡಕ್ಟರ್ ಸೀಟಿ ತೆಗೆದು ಅವರ ಕೊರಳಿಗೆ ಹಾಕಿದಳು. ಅಪ್ಪನೂ ತುಟಿಗಿಟ್ಟುಕೊಂಡರು, ಸದ್ದೇ ಬರಲಿಲ್ಲ. ಉಸಿರೆಲ್ಲ ಕತ್ತಿನ ತೂತಿನಲ್ಲೇ, ಬಾಯಿಗೆ ಬರುವುದೇ ಇಲ್ಲ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಪ್ಪ ಮೊದಲು ನಕ್ಕರು, ಆಮೇಲೆ ಗೋಡೆ ಕಡೆ ತಿರುಗಿಕೊಂಡರು.

ಪೇಟೆಯ ಕಂಪ್ಯೂಟರ್ ಅಂಗಡಿಯವನು ಈ ಲ್ಯಾಪ್‌ಟಾಪ್ ತೆಗೆದುಕೊಂಡು ಬೇರೆ ಕೊಡುತ್ತಾನಂತೆ. ಅದು ತೆಳ್ಳಗೆ, ಕಲ್ಲಿನ ಹಾಗೆ ಗಟ್ಟಿ, ದನಿ ಬೀದಿಗೆ ಕೇಳುತ್ತದೆ. "ಬಿಚ್ಚೋ ಥರ ಮಾಡಿದ್ದು ಸ್ವಲ್ಪ ಸಡಿಲ ಇರುತ್ತಮ್ಮ. ಇದು ಅಂಟು ಹಾಕಿದ್ದು, ಗಟ್ಟಿ. ಆದ್ರೆ ಕೆಟ್ರೆ ಅಲ್ಲೇ ಸಮಾಧಿ" ಎಂದ. ನೀನು ಹೂಂ ಎಂದರೆ ಅಮ್ಮ ಬದಲಾಯಿಸುತ್ತಾಳೆ. ನೀನು ಅಷ್ಟು ಹುಡುಕಿ ಆರಿಸಿದ್ದು, ಬೇಜಾರಾಗಬೇಡ.

ಅಪ್ಪ ಅಮ್ಮನ ಆಶೀರ್ವಾದ ನಿನಗೆ ಸದಾ ಇದೆ. ತಣ್ಣೀರು ಸ್ನಾನ ಮಾಡಬೇಡ.

ನಿನ್ನ ತಂಗಿ,
ಗುಬ್ಬಿ

ಮರೆತೆ, ಅಣ್ಣಾ. ಹೂಂ ಅನ್ನಬೇಡ. ನಿನ್ನೆ ಅಮ್ಮ ಆಚೆ ಹೋದಾಗ ಅಪ್ಪ ಲ್ಯಾಪ್‌ಟಾಪ್‌ನ ದನಿ ನಿಲ್ಲಿಸಿ, ಬರೆದು ಪರದೆ ನನ್ನ ಕಡೆ ತಿರುಗಿಸಿದರು: "ಇದನ್ನ ಕೊಡಬೇಡಿ. ನೀನು ಬಿಚ್ಚುವಾಗ ತಿರುಪು ಹಿಡ್ಕೊಳ್ಳೋ ಕೆಲಸವಾದ್ರೂ ನಂಗಿರಲಿ." ಬಿಗಿಯಾದ ಕೀಲು, ಜೋರು ಸ್ಪೀಕರ್ ಬಿಡಿಯಾಗಿ ಸಿಗುತ್ತವಂತೆ, ಬೇಗ ಕಳಿಸು. ಮಾಡುತ್ತಿರುವುದು ಸರಿಯೋ ತಪ್ಪೋ, ಆ ನೀಲಿ ತುಟಿ ಕಣ್ಣಿಂದ ಹೋಗುತ್ತಿಲ್ಲ. ಇವತ್ತು ಬೆಳಿಗ್ಗೆ ನನ್ನ ಸೈಕಲ್ಲಿನ ಗಂಟೆ ಬಿಚ್ಚಿ ಅಪ್ಪನ ಮಂಚಕ್ಕೆ ಬಿಗಿದೆ, ತಿರುಪು ಅವರೇ ಹಿಡಿದಿದ್ದರು. ಒಂದು ಸಲ ಬಾರಿಸಿದರು, ಅಮ್ಮ ಕೈಯಲ್ಲಿ ಸೌಟು ಹಿಡಿದೇ ಓಡಿಬಂದು ನಿಂತಳು. ಏನೂ ಆಗಿಲ್ಲವೆಂದು ಅವಳು ನೋಡಿಕೊಂಡ ಮೇಲೆ ಎರಡು ಸಲ ಬಾರಿಸಿದರು, ಬಸ್ಸು ಹೊರಡಿಸುವ ಹಾಗೆ.