ವೇಣಿಗೆ, ಕಾರಿನ ಹೊಗೆಯ ವಿಚಾರ

ತಾಯಿ ವೇಣಿ,

ನಿದ್ದೆಯಲ್ಲಿದ್ದೀಯೆ, ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಬಸ್ಸಿನಲ್ಲಿ ಶಿವಗಂಗೆಗೆ ಹೊರಟಿದ್ದೇನೆ. ಇಡ್ಲಿ ಬೇಯಿಸಿ ಮುಚ್ಚಿಟ್ಟಿದ್ದೇನೆ. ಬರೀ ಕಾಫಿ ಕುಡಿದು ಕೂರಬೇಡ.

ಕಾರು ನಿಂತಲ್ಲೇ ಬಿಳಿ ಹೊಗೆ ಬಿಡುತ್ತದೆ, ಇಂಜಿನ್ ಹೋಯಿತು ಎಂದು ಗುಜರಿಯವನಿಗೆ ಇವತ್ತು ಬರಹೇಳಿದ್ದೀಯಲ್ಲ. ನಿನ್ನೆ ನೀನು ಕೆಲಸಕ್ಕೆ ಹೋದ ಮೇಲೆ ಗ್ಯಾರೇಜಿನ ಮುನೀಂದ್ರನನ್ನು ಕರೆಸಿ ತೋರಿಸಿದೆ. ಆಯಿಲ್ ಕಡಿಮೆಯಾಗಿಲ್ಲ, ರೇಡಿಯೇಟರಿನ ನೀರೂ ಇಳಿದಿಲ್ಲ. ಹೊಗೆಯಲ್ಲಿರುವುದು ಉರಿಯದ ಡೀಸೆಲ್ ವಾಸನೆ.

ನಮ್ಮ ಗಂಗರಾಜು ತೀರಿಕೊಂಡಾಗಿನಿಂದ ನೀನು ದಿನವೂ ನನ್ನ ಪೂಜೆಯ ಹೊತ್ತಿಗೆ ಅವನ ಕಾರು ಸ್ಟಾರ್ಟ್ ಮಾಡಿ, ಮಂಗಳಾರತಿ ಆಗುತ್ತಲೇ ಆಫ್ ಮಾಡುತ್ತೀಯೆ. ಒಂದು ದಿನವೂ ಗೇಟು ದಾಟಿಸಿಲ್ಲ. ಇಂಜಿನ್ ಬಿಸಿಯೇ ಆಗದಿದ್ದರೆ ಡೀಸೆಲ್ ಪೂರ್ತಿ ಉರಿಯುವುದು ಹೇಗೆ? ಆ ಶಬ್ದ ಕೇಳಿದರೆ ಮಗ ಕೆಲಸಕ್ಕೆ ಹೊರಟು ನಿಂತಿದ್ದಾನೆ ಎಂದು ನನಗೂ ಅನ್ನಿಸುತ್ತಿತ್ತು. ಅದಕ್ಕೇ ಬೇಡವೆನ್ನಲಿಲ್ಲ.

“ಯಜಮಾನ್ರೇ, ಗಾಡೀಗೇನೂ ಆಗಿಲ್ಲ. ದಿನಾ ಎಬ್ಸಿ ಬಾಗ್ಲಲ್ಲೇ ನಿಲ್ಸಿದ್ರೆ ಯಾರಿಗಾದ್ರೂ ಕೆಮ್ಮು ಬರುತ್ತೆ” ಎಂದು ಮುನೀಂದ್ರ ನಕ್ಕ. ನೆಲಮಂಗಲದವರೆಗೆ ಓಡಿಸಿಕೊಂಡು ಬಂದೆವು. ಮನೆ ಮುಂದೆ ನಿಲ್ಲಿಸಿದಾಗ ಹೊಗೆ ಹೆಚ್ಚುಕಡಿಮೆ ನಿಂತಿತ್ತು.

ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಎನ್ನು. ಹೇಗೂ ಇವತ್ತು ನಿನಗೆ ರಜೆ, ಮಧ್ಯಾಹ್ನ ನೀನೇ ಕಾರು ತೆಗೆದುಕೊಂಡು ಶಿವಗಂಗೆಗೆ ಬಾ. ನಿನಗೆ ಓಡಿಸಲು ಕಲಿಸಿದವನು ಗಂಗರಾಜುವೇ ಅಲ್ಲವೇ, ಹೆದರಬೇಡ. ಹೆದ್ದಾರಿಯಲ್ಲಿ ಸ್ವಲ್ಪ ಜೋರಾಗಿಯೇ ಓಡಿಸು, ಇಂಜಿನ್‌ಗೆ ಅದೇ ಬೇಕು.

ಪ್ರಸಾದ ಹಿಡಿದು ಬೆಟ್ಟದ ಕೆಳಗೆ ಕೂತಿರುತ್ತೇನೆ. ಕತ್ತಲಾದರೂ ಬಸ್ಸು ಹತ್ತುವುದಿಲ್ಲ. ಹಟಮಾರಿ ಮುದುಕ ಎಂದು ದಾರಿಯುದ್ದಕ್ಕೂ ಬೈದುಕೊಂಡೇ ಬಾ.

ನಿನ್ನ ಮಾವ,
ಹನುಮಯ್ಯ