ಹುಣಸೆಬೀಜದ ಡಬ್ಬಿಗಳನ್ನು ಎಸೆಯಬೇಡಿ

ಹುಬ್ಬಳ್ಳಿ,
ಫೆಬ್ರವರಿ 30, 2209

ಬೇಡಿಕೆ ಅಂದಾಜುಗಾರರ ವಾರ್ಷಿಕ ಸಮಾವೇಶಕ್ಕೆ ಬಂದಿರುವ ಎಲ್ಲರಿಗೂ ಲೋಚನಾ ಹಾವನೂರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ತಿಂಗಳುಗಳೆಲ್ಲ ಸಮನಾಗಿದ್ದರೆ ಲೆಕ್ಕ ಸಲೀಸೆಂದು ನಮ್ಮವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು ನಾನು; ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಹಾಳೆ ನಿಮಗೆ ಹಿಂಚೀಲದಲ್ಲಿ ಬರುತ್ತಿದೆ. ಹಿಂಚೀಲವೆಂದರೆ ಕಳೆದ ಕಾಲಕ್ಕೆ ಟಪಾಲು ಒಯ್ಯುವ ಯಂತ್ರ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ಸಾಮಾನ್ಯವಾಗಿ ಜನ ತೀರಿಹೋದ ತಂದೆತಾಯಿಗೆ ಬರೆಯುತ್ತಾರೆ. ನಾನು ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನನ್ನ ಮಗಳು ಬನಶ್ರೀಗೆ ಮೂರ್ಛೆರೋಗ. ಅವಳನ್ನು ಉಳಿಸುವ ಮಾತ್ರೆಯನ್ನು ಈಗ ಯಾರೂ ತಯಾರಿಸುವುದಿಲ್ಲ.

ನೀವು ಕುಳಿತಿರುವ ಸಭಾಂಗಣದ ಜಾಗದಲ್ಲೇ ಈಗ ಮುನ್ನೆಣಿಕೆ ಮನೆ ಇದೆ. ಮುಂದಿನ ವರ್ಷ ಊರಿಗೆ ಏನೇನು, ಎಷ್ಟೆಷ್ಟು ಬೇಕಾದೀತೆಂದು ಅಲ್ಲಿಯ ಯಂತ್ರ ಹೇಳುತ್ತದೆ. ಕಾರ್ಖಾನೆಗಳು ಅಷ್ಟನ್ನೇ ಮಾಡುತ್ತವೆ, ಅಂಗಡಿಗಳು ಅಷ್ಟನ್ನೇ ಮಾರುತ್ತವೆ. ಹಾಗಾಗಿ ನಮ್ಮ ಅಂದಾಜು ತಪ್ಪುವುದೇ ಇಲ್ಲ! ಮಾಡಿದ್ದೆಲ್ಲ ಮಾರಾಟವಾಯಿತು, ಹೇಳಿದ್ದೆಲ್ಲ ನಿಜವಾಯಿತು ಎಂದು ಪ್ರತಿ ವರ್ಷ ಸಮಾರಂಭ ಮಾಡಿ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಳ್ಳುತ್ತಾರೆ. ತಪ್ಪದ ಅಂದಾಜಿಗೆ ತರಬೇತಿ ಏಕೆಂದು ತರಗತಿಗಳನ್ನು ಮುಚ್ಚಿದ್ದಾರೆ. ಸಂಶೋಧನೆಯ ಕೋಣೆಯಲ್ಲಿ ಈಗ ಆ ಶಾಲುಗಳನ್ನೇ ಒಟ್ಟಿಟ್ಟಿದ್ದಾರೆ. ನಾನೂ ಅಲ್ಲೇ ನೌಕರಿ ಮಾಡುವವಳು, ನನಗೂ ಒಂದು ಶಾಲು ಸಿಕ್ಕಿದೆ.

ಹೊರಗಿನ ಬದುಕು ಹೇಗಿದೆ ಗೊತ್ತೇ? ದೊಡ್ಡ ಪಾದದವರು ಚಪ್ಪಲಿಯ ಹಿಂಬದಿ ಕತ್ತರಿಸಿ ಹಾಕಿಕೊಳ್ಳುತ್ತಾರೆ, ಏಕೆಂದರೆ ಒಮ್ಮೆ ಆ ಅಳತೆ ಅಂಗಡಿಗೆ ಬರಲಿಲ್ಲ. ಬರಲಿಲ್ಲ, ಆದ್ದರಿಂದ ಮಾರಾಟವಾಗಲಿಲ್ಲ. ಮಾರಾಟವಾಗಲಿಲ್ಲ, ಆದ್ದರಿಂದ ಯಾರಿಗೂ ಬೇಡವೆಂದು ಯಂತ್ರ ತಿಳಿಯಿತು. ಬಳೆಯೂ ಒಂದೇ ಅಳತೆ. ಕೈ ದಪ್ಪಗಿರುವ ಮದುಮಗಳು ಹಸಿರು ದಾರ ಸುತ್ತಿಕೊಂಡು ಹಸೆಗೇರುತ್ತಾಳೆ. ಇವನ್ನೆಲ್ಲ ಸಹಿಸಿಕೊಂಡು ನಗುತ್ತಲೇ ಇದ್ದೆವು. ಹಿಂದಿನ ವರ್ಷ ಘಟ್ಟದ ರಸ್ತೆ ಕುಸಿದು ಬನಶ್ರೀಯ ಮಾತ್ರೆ ತಿಂಗಳುಗಟ್ಟಲೆ ಬರಲಿಲ್ಲ. ಅದರ ಬೇಡಿಕೆ ಸೊನ್ನೆಗೆ ಇಳಿಯಿತು.

ಔಷಧದಂಗಡಿಯ ರಾಚಯ್ಯ ಒಳ್ಳೆಯ ಮನುಷ್ಯ. "ಅದನ್ನ ಯಾರೂ ಕೇಳಂಗಿಲ್ರೀ ಅಕ್ಕಾರ, ಅದಕ್ಕ ಬರಂಗಿಲ್ಲ" ಎಂದ. ನಾನು ಕೇಳುತ್ತಾ ನಿಂತಿದ್ದೆ! ನನ್ನ ಹಿಂದಿದ್ದ ಹೆಂಗಸು ಅದೇ ಮಾತ್ರೆ ಕೇಳಿದಳು. ಅವಳಿಗೂ ಯಾರೂ ಕೇಳುವುದಿಲ್ಲವೆಂದೇ ಹೇಳಿದ. ಅವಳ ಹಿಂದಿದ್ದ ಮುದುಕರಿಗೂ ಅದೇ ಉತ್ತರ. ನನಗೆ ತಲೆ ಕೆಟ್ಟುಹೋಗಿ ಮುನ್ನೆಣಿಕೆ ಮನೆಗೆ ಓಡಿದೆ. ಮೇಲಧಿಕಾರಿ ಗುರುಬಸವರಾಜ ಕಣ್ಣಲ್ಲಿ ನೀರು ತಂದುಕೊಂಡು, "ಸೊನ್ನಿ ಬಂದೈತ್ರೀ, ನಾ ಏನ್ ಮಾಡ್ಲಿ?" ಎಂದರು. ಕೇಳಿ ಬರಿಗೈಲಿ ಹೋದವರನ್ನು ಯಂತ್ರಕ್ಕೆ ತಿಳಿಸುವ ದಾರಿ ಅವರಿಗೂ ಗೊತ್ತಿಲ್ಲ. ಅದನ್ನು ಅವರಿಗೆ ಯಾರೂ ಕಲಿಸಿಲ್ಲ.

ನಿಮಗೆ ಅದು ಗೊತ್ತಿತ್ತು. ನಿಮ್ಮ ತರಬೇತಿಯಲ್ಲಿ ಪಾಠ ಹೇಳುವ ವಾರಿಜಾ ಮೇಡಂ ಪ್ರತಿ ಅಂಗಡಿಗೆ ಸಾಮಾನಿಗೊಂದರಂತೆ ತಗಡಿನ ಡಬ್ಬಿ ಕೊಡಿಸುತ್ತಾರೆ. ಗಿರಾಕಿಗೆ ಇಲ್ಲವೆನ್ನಬೇಕಾದಾಗಲೆಲ್ಲ ಅಂಗಡಿಯವರು ಆ ಸಾಮಾನಿನ ಹೆಸರು ಬರೆದ ಡಬ್ಬಿಗೊಂದು ಹುಣಸೆಬೀಜ ಹಾಕಬೇಕು. ಸಮಾವೇಶದ ಮೊದಲ ದಿನ ಎಲ್ಲರೂ ತಮ್ಮ ಪಾಲಿನ ಅಂಗಡಿಗಳ ಡಬ್ಬಿಗಳನ್ನು ತಂದು ಮೇಜಿನ ಮೇಲೆ ಸುರಿದು, ತಮ್ಮ ಅಂದಾಜು ಎಲ್ಲೆಲ್ಲಿ ತಪ್ಪಿತೆಂದು ನಿಂತು ಹೇಳುವುದು ನಿಮ್ಮ ರೂಢಿ. ನಿಮ್ಮ ಸಮಾವೇಶದ ಧ್ವನಿಮುದ್ರಣವನ್ನು ಎಷ್ಟು ಸಲ ಕೇಳಿದ್ದೇನೋ. ಬೀಜ ಸುರಿಯುವ ಸದ್ದು, ಯಾರೋ ನಾಚಿಕೊಂಡು ಕೆಮ್ಮುವುದು, ಎಲ್ಲರೂ ನಗುವುದು.

ನಾಳೆ ನಿಮ್ಮ ಮುಂದೆ ಒಂದು ಠರಾವು ಬರುತ್ತದೆ. ಡಬ್ಬಿ ಸುರಿಯುವುದು ಗಲೀಜು, ಅತಿಥಿಗಳೆದುರು ತಪ್ಪು ಹೇಳಿಕೊಳ್ಳುವುದು ಮುಜುಗರ, ಆ ಹೊತ್ತನ್ನು ಸನ್ಮಾನಕ್ಕೆ ಕೊಡೋಣವೆಂದು. ನೀವು ಊಟದ ಅವಸರದಲ್ಲಿ ಕೈ ಎತ್ತಿಬಿಡುತ್ತೀರಿ. ಬೇಡ. ನಿಮ್ಮ ಕಾಲಿಗೆ ಬೀಳುತ್ತೇನೆ, ಕೈ ಎತ್ತಬೇಡಿ. ತಪ್ಪು ಹೇಳುವ ಆ ಒಂದು ಹೊತ್ತು ಹೋದರೆ ಅದರ ಹಿಂದೆ ಸಂಶೋಧನೆ ಹೋಗುತ್ತದೆ, ತರಬೇತಿ ಹೋಗುತ್ತದೆ, ಕೊನೆಗೆ ನಮ್ಮಂಥವರು ಲೆಕ್ಕದಿಂದಲೇ ಹೋಗುತ್ತೇವೆ.

ನಿಮ್ಮ ಕಾಲದಲ್ಲಿ ಬದಲಾದದ್ದು ನಮ್ಮ ಕಾಲದಲ್ಲೂ ಬದಲಾಗುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ. ಉಳಿದ ಮಾತ್ರೆಗಳನ್ನು ಈಳಿಗೆಯಲ್ಲಿ ಕತ್ತರಿಸಿ ಚೂರುಚೂರೇ ಕೊಡುತ್ತಿದ್ದೇನೆ. ಬನಶ್ರೀ ಅದನ್ನು ಸಕ್ಕರೆಯೆಂದು ನಂಬಿ ಇನ್ನಷ್ಟು ಬೇಕೆನ್ನುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ.

ಹಾಳೆ ಮುಗಿಯುತ್ತಾ ಬಂತು. ನಿಮ್ಮೆದುರು ಗಿರಾಕಿಯಾಗಿ ನಿಂತಿದ್ದೇನೆಂದುಕೊಳ್ಳಿ. ನನ್ನ ಮಗಳ ಮಾತ್ರೆ ಕೇಳುತ್ತಿದ್ದೇನೆ. ಇಲ್ಲವೆನ್ನುವುದೇ ಆದರೆ ಅನ್ನಿ, ಆದರೆ ಡಬ್ಬಿಗೊಂದು ಬೀಜ ಹಾಕಿ ಅನ್ನಿ.